ಮಾಕಳಿ ತೋಟದಲ್ಲಿ ಬಿಚ್ಚಿದ ಬುತ್ತಿ

ಮುನಿರತ್ನಮ್ಮ ಜರಿಯಂಚಿನ ರೇಷ್ಮೆ ಸೀರೆ ಉಟ್ಟು ಬಂದು ಕಾರಿನ ಮುಂದಿನ ಸೀಟಿನಲ್ಲಿ ಕೂತಾಗಲೇ ವಾಣಿಶ್ರೀಗೆ ಅನುಮಾನ ಬರಬೇಕಿತ್ತು. ತೋಟ ನೋಡಲು ಹೋಗುವವರು ಯಾರಾದರೂ ರೇಷ್ಮೆ ಉಡುತ್ತಾರೆಯೆ? ಹೋಗುವುದು ಕೆಸರಿಗೆ, ಗೊಬ್ಬರಕ್ಕೆ, ಮುಳ್ಳಿಗೆ. ಆದರೆ ನಾಲ್ಕೂವರೆಗೆ ಎದ್ದು ಹಸು ಕರೆದು, ಐದು ಜನಕ್ಕೆ ಪುಳಿಯೋಗರೆ ಕಲಸಿ ಸ್ಟೀಲ್ ಡಬ್ಬಿಗೆ ತುಂಬಿ, ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆ ಹುಡುಕಿ ಚೀಲಕ್ಕೆ ಹಾಕಿಕೊಂಡ ಹೆಂಗಸಿಗೆ ಅನುಮಾನ ಪಡುವಷ್ಟು ಪುರುಸೊತ್ತು ಎಲ್ಲಿಯದು? ಅವಳು ಡಬ್ಬಿಯನ್ನು ಕಾರಿನ ಹಿಂದೆ ಇಟ್ಟು, ಬಾಗಿಲು ಹಾಕಿ, ಅತ್ತೆಯ ಪಕ್ಕ ಕೂತಳು.

ಮುನಿರತ್ನಮ್ಮ ವಾಣಿಶ್ರೀಯ ಗಂಡ ಕೆಂಪರಾಜುವಿನ ಅಕ್ಕ. ದೊಡ್ಡಬಳ್ಳಾಪುರದ ಕಡೆ ಮದುವೆಯಾಗಿ ಹೋಗಿ ಮೂವತ್ತು ವರ್ಷವಾದರೂ ತ್ಯಾಮಗೊಂಡ್ಲಿನ ತವರಿನ ಒಲೆಯ ಮೇಲೆ ಇವತ್ತು ಏನು ಬೇಯಬೇಕು ಎಂದು ಅಲ್ಲಿಂದಲೇ ಫೋನಿನಲ್ಲಿ ಹೇಳುವವಳು. ಈ ಪ್ರವಾಸವೂ ಅವಳದೇ ಏರ್ಪಾಟು. ಹಿಂದಿನ ದಿನವೇ ತವರಿಗೆ ಬಂದು ಜಗಲಿಯ ಮೇಲೆ ಕೂತು ಸಾರಿದ್ದಳು:

"ನಮ್ ನವ್ಯ ತೋಟಗಾರಿಕೆ ಓದ್ತಾ ಇದಾಳೆ. ಪುಸ್ತಕ ಓದಿದ್ರೆ ಏನ್ ಬಂತು? ಕಣ್ಣಲ್ಲಿ ನೋಡ್ಬೇಕು. ಒಂದು ಗುಲಾಬಿ ತೋಟ, ಒಂದು ದ್ರಾಕ್ಷಿ ತೋಟ, ಆಮೇಲೆ ಮಾಕಳಿ ಬೆಟ್ಟದ ತಪ್ಪಲಲ್ಲಿ ಹಣ್ಣಿನ ತೋಟ. ಎಲ್ಲಾ ನಂಗೆ ಗೊತ್ತಿರೋರೇ. ಅಮ್ಮನ್ನೂ ಕರ್ಕೊಂಡು ಹೋಗ್ಬರೋಣ."

ವಾಣಿಶ್ರೀಯ ಮಗಳು ನವ್ಯಶ್ರೀ ಕುಣಿದಿದ್ದಳು. ಇಪ್ಪತ್ತೊಂದರ ಹುಡುಗಿ, ನಾಲ್ಕು ವರ್ಷದ ಬಿ.ಎಸ್ಸಿ.ಯಲ್ಲಿ ಮೂರನೆಯ ವರ್ಷ. ಇನ್ನೊಂದು ವರ್ಷ ಕಳೆದರೆ ಕೈಗೆ ಪದವಿ, ಅದರ ಮೇಲೆ ಎಂ.ಎಸ್ಸಿ. ಮಾಡುವ ಆಸೆ. ಆ ಒಂದು ವರ್ಷದ ಮೇಲೆ ವಾಣಿಶ್ರೀ ತನ್ನ ಜೀವವನ್ನೇ ಕಟ್ಟಿಕೊಂಡಿದ್ದಳು. ಮನೆಯಲ್ಲಿ ಏನೇ ಮುರಿಯಲಿ, ಮಗಳ ಓದು ಮುರಿಯಬಾರದು ಎಂಬುದು ಅವಳ ಹಟ, ಅವಳಿಗಿದ್ದ ಒಂದೇ ಹಟ.

ಕಾರು ಹೊರಡುವ ಮೊದಲೇ ಜಗಳ ಶುರುವಾಯಿತು.

"ಹಿಂದೆ ಏನೇ ಅದು, ಡಬ್ಬಿ?" ಎಂದಳು ಮುನಿರತ್ನಮ್ಮ, ತಿರುಗಿಯೂ ನೋಡದೆ.

"ಬುತ್ತಿ ಅಕ್ಕ. ಅತ್ತೆಗೆ ಹನ್ನೆರಡೂವರೆಗೆ ಊಟ ಆಗ್ಲೇಬೇಕು, ಇಲ್ದಿದ್ರೆ ತಲೆ ಸುತ್ತುತ್ತೆ."

"ಹೋದ ಕಡೆಯೆಲ್ಲಾ ಇಕ್ಕೋರು ಇದಾರೆ. ನೀನೊಬ್ಳು ಬರಗಾಲದಿಂದ ಬಂದೋಳಂಗೆ ಡಬ್ಬಿ ಹೊತ್ಕೊಂಡು ಬರ್ತೀಯ."

ಅತ್ತೆ ಅಮ್ಮಯಮ್ಮ ಸೊಸೆಯ ಪರ ನಿಲ್ಲುತ್ತಾಳೆಂದು ಯಾರೂ ಕನಸಿನಲ್ಲೂ ಎಣಿಸಿರಲಿಲ್ಲ, ಆಕೆಯೂ ಆ ಭರವಸೆ ಸುಳ್ಳು ಮಾಡಲಿಲ್ಲ. "ನನ್ ಹೆಸರು ಹೇಳ್ಬೇಡಮ್ಮಿ. ನಿನ್ ಪುಳಿಯೋಗರೆ ಯಾರಿಗ್ ಬೇಕು? ಹುಣಸೆಹಣ್ಣು ಸುರಿದಿರ್ತೀಯ. ಇರೋ ಐದು ಹಲ್ಲೂ ಜುಮ್ ಅನ್ನುತ್ತೆ."

ಇಪ್ಪತ್ತಮೂರು ವರ್ಷದಿಂದ ಅದೇ ಮಾತು. ಒಂದು ದಿನ ಹುಳಿ, ಒಂದು ದಿನ ಉಪ್ಪು, ಒಂದು ದಿನ ಅನ್ನ ಮುದ್ದೆಯಾಗಿದೆ, ಒಂದು ದಿನ ಮುದ್ದೆ ಗಂಟಾಗಿದೆ. ಹಾಗೆಂದು ತಟ್ಟೆಯಲ್ಲಿ ಒಂದು ಅಗುಳು ಉಳಿಸಿದ್ದನ್ನು ವಾಣಿಶ್ರೀ ಕಂಡಿಲ್ಲ. ಕೆಂಪರಾಜು ಎಂದಿನಂತೆ ಏನೂ ಕೇಳಿಸದವನಂತೆ ಗೇರು ಹಾಕಿದ. ದಾಬಸ್‌ಪೇಟೆಯ ಗೋಡೌನೊಂದರಲ್ಲಿ ಅವನು ಸೂಪರ್‌ವೈಸರು. ಅಲ್ಲಿ ನಲವತ್ತು ಜನರ ಮೇಲೆ ಕೂಗಾಡುತ್ತಾನಂತೆ. ಮನೆಯಲ್ಲಿ ಅಕ್ಕನ ಎದುರು ಬಾಯಿಗೆ ಬೀಗ.

ಗುಲಾಬಿ ತೋಟದಲ್ಲಿ ಪ್ಲಾಸ್ಟಿಕ್ ಹೊದಿಸಿದ ಮನೆಯೊಳಗೆ ಬೆವರು ಸುರಿಸುತ್ತ ನಡೆದರು. ನವ್ಯಶ್ರೀ ನೋಟ್ ಪುಸ್ತಕ ತೆಗೆದು ತೋಟದವನನ್ನು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದಳು. ಔಷಧಿ ಎಷ್ಟು ದಿನಕ್ಕೆ, ಮೊಗ್ಗು ಯಾವ ಹೊತ್ತಿಗೆ ಕೊಯ್ಯುತ್ತೀರಿ, ತಂಪಿನಲ್ಲಿ ಹೇಗೆ ಇಡುತ್ತೀರಿ. ಆ ಮನುಷ್ಯ ಮೊದಮೊದಲು ಈ ಚೋಟುದ್ದದ ಹುಡುಗಿಗೇನು ಹೇಳುವುದು ಎಂಬಂತೆ ನಿಂತಿದ್ದವನು, ಹತ್ತು ನಿಮಿಷದಲ್ಲಿ ತಾನೇ ಅವಳನ್ನು ಗಿಡದಿಂದ ಗಿಡಕ್ಕೆ ಕರೆದೊಯ್ದು ಬುಡದ ರೋಗ ತೋರಿಸಿ, ಇದಕ್ಕೇನು ಮಾಡಲಿ ಎಂದು ಕೇಳಿದ. ವಾಣಿಶ್ರೀ ಅದನ್ನು ನೋಡುತ್ತ ನಿಂತಳು. ತಾನು ಹೆತ್ತವಳು ಇವಳೇನಾ ಎನಿಸಿತು.

ಮುನಿರತ್ನಮ್ಮನಿಗೆ ಗುಲಾಬಿಯ ಗೊಡವೆ ಬೇಕಿರಲಿಲ್ಲ. ಶೆಡ್ಡಿನ ನೆರಳಲ್ಲಿ ಕೂತು, ಕೊಟ್ಟ ಬೇಯಿಸಿದ ಕಡಲೆಕಾಯಿಯನ್ನೂ ಸೀಬೆಹಣ್ಣನ್ನೂ ಮುಗಿಸಿದಳು. ದ್ರಾಕ್ಷಿ ತೋಟದಲ್ಲಿ ಚಪ್ಪರದ ಕೆಳಗೆ ಚಾಪೆ ಹಾಸಿ ಉಪ್ಪಿಟ್ಟು ಕೊಟ್ಟರು. ಎರಡು ಸಲ ಹಾಕಿಸಿಕೊಂಡಳು. ಅಷ್ಟೂ ಹೊತ್ತು ನವ್ಯಶ್ರೀಗೆ ಒಂದೇ ಪಾಠ. "ಬಿಸ್ಲಲ್ಲಿ ನಿಲ್ಬೇಡ, ಕಪ್ಪಾಗ್ತೀಯ. ಕೂದ್ಲು ಬಾಚ್ಕೊ. ಅಷ್ಟು ಗಟ್ಟಿಯಾಗಿ ಮಾತಾಡ್ಬೇಡ, ಗಂಡಸ್ರ ಜೊತೆ." ವಾಣಿಶ್ರೀ ಹಲ್ಲು ಕಚ್ಚಿ ಕೂತಳು. ಇದರಲ್ಲೂ ಅನುಮಾನ ಬರಬೇಕಿತ್ತು, ಬರಲಿಲ್ಲ.

ಮಾಕಳಿದುರ್ಗದ ತಪ್ಪಲಿಗೆ ಬಂದಾಗ ಹನ್ನೆರಡು ದಾಟಿತ್ತು. ರಸ್ತೆಯುದ್ದಕ್ಕೂ ಬೆಟ್ಟ ಹತ್ತಲು ಬಂದವರ ಬೈಕುಗಳು. ಎಡಕ್ಕೆ ಮಣ್ಣಿನ ದಾರಿ ಹಿಡಿದರೆ ವೆಂಕಟರಾಯಪ್ಪನ ತೋಟ: ಸಪೋಟ, ಮಾವು, ಅಂಚಿನಲ್ಲಿ ತೆಂಗು, ಮನೆಯ ಮುಂದೆ ತಲೆಯಷ್ಟು ದಪ್ಪದ ಕಾಯಿ ಹೊತ್ತ ಒಂದು ಚಕ್ಕೋತದ ಮರ. ಮನೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಅಂಗಳದಲ್ಲಿ ಹಬ್ಬಕ್ಕೆ ಹಾಕುವಷ್ಟು ದೊಡ್ಡ ರಂಗೋಲಿ. ವೆಂಕಟರಾಯಪ್ಪ ಗರಿಗರಿ ಪಂಚೆಯಲ್ಲಿ ಗೇಟಿನವರೆಗೂ ಬಂದ. ಹಿಂದೆ ಅವನ ಹೆಂಡತಿ ನರಸಮ್ಮ, ಅವಳ ಹಿಂದೆ ಮೂವತ್ತರ ಆಸುಪಾಸಿನ ಮಗ ರವಿಚಂದ್ರ. ಮಗ ತೊಟ್ಟಿದ್ದ ಅಂಗಿಯಲ್ಲಿ ಅಂಗಡಿಯ ಮಡಿಕೆಯ ಗೆರೆಗಳು ಇನ್ನೂ ಹಾಗೇ ಇದ್ದವು.

"ಬನ್ನಿ ಬನ್ನಿ, ತೋಟ ನೋಡಿ. ನಿಮ್ದೇ ಅಂದ್ಕೊಳಿ," ಎಂದ ವೆಂಕಟರಾಯಪ್ಪ. ನರಸಮ್ಮ ನವ್ಯಶ್ರೀಯ ಗಲ್ಲ ಹಿಡಿದು ನೋಡಿ, ಬಟ್ಟಲಿನಿಂದ ಒಂದು ಮೊಳ ಮಲ್ಲಿಗೆ ತೆಗೆದು ತಾನೇ ಮುಡಿಸಿದಳು.

ನವ್ಯಶ್ರೀಗೆ ಹೂವಿನ ಮೇಲೆ ಗಮನವಿರಲಿಲ್ಲ. ಚಕ್ಕೋತದ ಕೊಂಬೆಗಳಲ್ಲಿ ಅಲ್ಲಲ್ಲಿ ಪ್ಲಾಸ್ಟಿಕ್ ಸುತ್ತಿದ ಗಂಟುಗಳನ್ನು ಕಂಡು ಓಡಿದಳು. ಕೊಂಬೆಯ ತೊಗಟೆಯನ್ನು ಉಂಗುರದ ಹಾಗೆ ಸುಲಿದು, ಒದ್ದೆ ಪಾಚಿ ಕಟ್ಟಿ, ಮರದ ಮೇಲೇ ಬೇರು ಬರಿಸುವ ಗೂಟಿ ಅದು. "ಎಷ್ಟು ದಿನಕ್ಕೆ ಬೇರು ಬಿಡುತ್ತೆ ಅಂಕಲ್? ಮಳೆಗಾಲದಲ್ಲೇ ಕಟ್ತೀರಾ?" ವೆಂಕಟರಾಯಪ್ಪ ಉತ್ಸಾಹದಿಂದ ಹೇಳಿದ, ಮಗನೂ ಒಂದೆರಡು ಮಾತು ಸೇರಿಸಿದ. ಇಡೀ ತೋಟ ಸುತ್ತಿ ಬಂದ ಹುಡುಗಿ ಅಂಗಳದ ನಡುವೆ ನಿಂತು, ಎರಡೂ ಕೈ ಚಾಚಿ, ಎಲ್ಲರಿಗೂ ಕೇಳುವಂತೆ ಅಂದೇಬಿಟ್ಟಳು:

"ಅಬ್ಬಾ, ಇಂಥ ತೋಟದಲ್ಲೇ ಇದ್ದುಬಿಡ್ಬೇಕು ಅನ್ಸುತ್ತೆ!"

ನರಸಮ್ಮ ಗಂಡನ ಮುಖ ನೋಡಿದಳು. ಗಂಡ ಮುನಿರತ್ನಮ್ಮನ ಮುಖ ನೋಡಿದ. ಮುನಿರತ್ನಮ್ಮ ಸೆರಗು ಸರಿಮಾಡಿಕೊಂಡು ನಕ್ಕಳು. ವಾಣಿಶ್ರೀ ಆ ನಗುವನ್ನು ಕಂಡಳು, ಆದರೆ ಅರ್ಥ ಹಚ್ಚುವಷ್ಟರಲ್ಲಿ ಜಗಲಿಯಿಂದ ಅಮ್ಮಯಮ್ಮನ ದನಿ ಬಂತು.

"ಲೇ ವಾಣಿ, ಗಂಟೆ ಎಷ್ಟು? ಹೊಟ್ಟೆ ಸಂಕ್ಟ ಆಗ್ತಾ ಇದೆ."

ಒಂದಾಗಲು ಹತ್ತು ನಿಮಿಷವಿತ್ತು. ವಾಣಿಶ್ರೀ ಕಾರಿನ ಕಡೆ ಹೊರಟಳು. ಮುನಿರತ್ನಮ್ಮ ಹಿಂದೆಯೇ ಬಂದು ಮೊಣಕೈ ಹಿಡಿದಳು.

"ಎಲ್ಲಿಗೆ?"

"ಅತ್ತೆಗೆ ಬುತ್ತಿ ತರ್ತೀನಿ."

"ಥೂ! ಇಕ್ಕೋರ ಮನೆ ಬಾಗ್ಲಲ್ಲಿ ಬುತ್ತಿ ಬಿಚ್ತಾರಾ? ಕಾರಿ ಉಗ್ದಂಗೆ ಆಗಲ್ವಾ ಅವರ ಮುಖಕ್ಕೆ? ಅಷ್ಟೂ ತಿಳಿಯಲ್ವಾ ನಿಂಗೆ?"

"ಸರಿ, ಹಂಗಾದ್ರೆ ಇವ್ರನ್ನೇ ಒಂದು ತುತ್ತು ಕೇಳ್ತೀನಿ, ಅತ್ತೆಗೆ ಮಾತ್ರ."

"ಬೇಡ!" ಮುನಿರತ್ನಮ್ಮ ದನಿ ತಗ್ಗಿಸಿದಳು. "ನಾನು ಹೇಳೋವರ್ಗೂ ಇಲ್ಲಿ ಯಾರೂ ಎಲೆಗೆ ಕೂರಂಗಿಲ್ಲ. ಮಜ್ಜಿಗೆ ಕುಡೀರಿ ಸಾಕು."

ಬೆಳಗಿನಿಂದ ಸಿಕ್ಕ ಸಿಕ್ಕ ತೋಟದಲ್ಲಿ ಬಾಯಾಡಿಸಿದ ಹೆಂಗಸು ಇಲ್ಲಿ ಮಾತ್ರ ಊಟ ಬೇಡ ಎನ್ನುತ್ತಿದ್ದಾಳೆ. ಅದೂ ಹಸಿದ ಸ್ವಂತ ತಾಯಿಗೆ. ವಾಣಿಶ್ರೀ ನಿಂತಲ್ಲೇ ನಿಂತಳು. ಆಗಲೇ ಅಡುಗೆಮನೆಯ ಕಿಟಕಿಯಿಂದ ವಾಸನೆ ಬಂತು. ಬೇಳೆ, ಬೆಲ್ಲ, ಏಲಕ್ಕಿ, ಕಾದ ಹೆಂಚಿನ ಮೇಲೆ ತುಪ್ಪ. ತೋಟ ನೋಡಲು ಬಂದವರಿಗೆ ಯಾರೂ ಒಬ್ಬಟ್ಟು ಮಾಡುವುದಿಲ್ಲ.

ಅವರ ಕಡೆಯಲ್ಲಿ ಹೆಣ್ಣಿನವರು ಗಂಡಿನ ಮನೆ ನೋಡಲು ಹೋಗುವ ಶಾಸ್ತ್ರವೊಂದಿದೆ. ಮನೆ ನೋಡುತ್ತಾರೆ, ಹೊಲ ತೋಟ ನೋಡುತ್ತಾರೆ, ಬಾವಿಯ ನೀರು ಸಿಹಿಯೋ ಉಪ್ಪೋ ನೋಡುತ್ತಾರೆ. ಮಜ್ಜಿಗೆ ಕುಡಿಯಬಹುದು, ಎಲೆ ಅಡಿಕೆ ಹಾಕಿಕೊಳ್ಳಬಹುದು. ಊಟದ ಎಲೆಗೆ ಮಾತ್ರ ಕೂರುವಂತಿಲ್ಲ. ಕೂತು ಸಿಹಿ ಮುಟ್ಟಿದರೆ ಸಂಬಂಧ ಒಪ್ಪಿದ ಹಾಗೆ, ಆಮೇಲೆ ಹಿಂದೆ ಸರಿದರೆ ಹೆಣ್ಣಿಗೇ ಕೆಟ್ಟ ಹೆಸರು. ಹುಡುಗಿಯನ್ನು ಯಾರೂ ಜೊತೆಗೆ ಕರೆದೊಯ್ಯುವುದಿಲ್ಲ. ಕರೆದೊಯ್ಯಲೇಬೇಕೆಂದರೆ ಬೇರೆ ನೆಪ ಬೇಕು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಗಾದೆಯೇ ಇದೆ. ಮುನಿರತ್ನಮ್ಮ ಹನ್ನೊಂದು ಮದುವೆ ಮಾಡಿಸಿದ್ದಳು. ಒಂದೂ ಮುರಿದಿಲ್ಲ ಎಂದು ಎದೆ ತಟ್ಟಿಕೊಳ್ಳುತ್ತಾಳೆ. ನಿಜ, ಯಾವುದೂ ಮುರಿದಿಲ್ಲ. ಮುರಿಯದಂತೆ ಯಾರು ಬಗ್ಗಿ ನಿಂತರು ಎಂದು ಅವಳು ಕೇಳಿದವಳಲ್ಲ.

ಆ ಹನ್ನೊಂದರಲ್ಲಿ ಮೊದಲನೆಯದು ವಾಣಿಶ್ರೀಯದು. ಆಗ ಅವಳಿಗೆ ಹದಿನೆಂಟು. ಎರಡನೆಯ ಪಿ.ಯು.ಸಿ. ಪರೀಕ್ಷೆಗೆ ಎರಡು ತಿಂಗಳಿತ್ತು. "ತ್ಯಾಮಗೊಂಡ್ಲಲ್ಲಿ ನಮ್ದೊಂದು ಅಡಿಕೆ ತೋಟ ಇದೆ, ನೋಡ್ಕೊಂಡು ಬರೋಣ ಬಾ" ಎಂದು ದೂರದ ನೆಂಟಳಾಗಿದ್ದ ಮುನಿರತ್ನಮ್ಮ ಹೊಸಕೋಟೆ ಕಡೆಯಿಂದ ಅವಳನ್ನೂ ಅವಳ ಅಪ್ಪನನ್ನೂ ಕರೆತಂದಿದ್ದಳು. ಬಸ್ಸಿನಲ್ಲಿ ವಾಂತಿಯಾಗಿ ಹೊಟ್ಟೆ ಬರಿದಾಗಿತ್ತು. ಮಧ್ಯಾಹ್ನ ಯಾರೋ ಮುಂದೆ ಎಲೆ ಹಾಕಿದರು, ಒಬ್ಬಟ್ಟು ಬಡಿಸಿದರು. ಹಸಿದ ಹುಡುಗಿ ತಲೆ ಎತ್ತದೆ ಎರಡು ತಿಂದಳು. ತಲೆ ಎತ್ತಿದಾಗ ಎಲ್ಲರೂ ನಗುತ್ತಿದ್ದರು. "ಹುಡುಗಿ ಬಾಯಿ ಬಿಟ್ಟು ಹೇಳೋದೇ ಬೇಡ, ಒಪ್ಬಿಟ್ಳು!" ಎಂದಿದ್ದಳು ಮುನಿರತ್ನಮ್ಮ. ಮದುವೆಯಾದ ಮೇಲೂ ಓದಬಹುದು ಎಂದರು. ಹಾಲ್ ಟಿಕೆಟ್ಟು ಇವತ್ತಿಗೂ ವಾಣಿಶ್ರೀಯ ಟ್ರಂಕಿನ ತಳದಲ್ಲಿದೆ. ಎರಡು ಒಬ್ಬಟ್ಟಿಗೆ ಇಷ್ಟು ದೊಡ್ಡ ಬೆಲೆ ತೆತ್ತವರು ಈ ಸೀಮೆಯಲ್ಲಿ ಬೇರೆ ಯಾರಿದ್ದಾರೋ ಅವಳಿಗೆ ತಿಳಿಯದು.

ಕೆಂಪರಾಜು ಸಪೋಟ ಮರಗಳ ಹಿಂದೆ ಫೋನ್ ನೋಡುತ್ತ ನಿಂತಿದ್ದ. ವಾಣಿಶ್ರೀ ಎದುರಿಗೆ ಹೋಗಿ ನಿಂತಳು.

"ನಿಮಗೆ ಗೊತ್ತಿತ್ತಾ?"

"ಏನು?"

"ಅಡುಗೆಮನೇಲಿ ಒಬ್ಬಟ್ಟು ಬೇಯ್ತಾ ಇದೆ. ಏನು ಅಂತ ನನ್ನೇ ಕೇಳ್ತೀರಾ?"

ಅವನು ನೆಲದ ಮೇಲಿನ ಪೈಪನ್ನು ಚಪ್ಪಲಿಯಿಂದ ಒತ್ತಿದ. "ಅಕ್ಕ ಒಂದು ತಿಂಗಳಿಂದ ಹೇಳ್ತಾನೇ ಇದ್ಲು. ಒಳ್ಳೆ ಜನ. ಹುಡುಗನಿಗೆ ಯಾವ ಚಟಾನೂ ಇಲ್ಲ. ಸುಮ್ನೆ ನೋಡ್ಕೊಂಡು ಬರೋಣ ಅಂತ..."

"ನನ್ ಮಗಳು ಅವಳು. ಒಂದು ತಿಂಗಳು ನನ್ ಪಕ್ಕದಲ್ಲೇ ಮಲಗಿದ್ರಲ್ಲ, ಒಂದು ಮಾತು ಹೇಳೋಕಾಗ್ಲಿಲ್ವಾ?"

"ಹೇಳಿದ್ರೆ ನೀನು ಬರ್ತಿದ್ಯಾ? ಅವಳನ್ನ ಕಳಿಸ್ತಿದ್ಯಾ?"

"ಅವಳ ಓದು?"

"ಮದುವೆ ಆದ್ಮೇಲೂ ಓದ್ಬೋದು ಅಂತಾರೆ."

"ನಂಗೂ ಹಂಗೇ ಹೇಳಿದ್ರಿ," ಎಂದಳು ವಾಣಿಶ್ರೀ.

ಅವನು ತಲೆ ತಗ್ಗಿಸಿದ. ಕೆನ್ನೆಗೆ ಬಾರಿಸಬೇಕು ಅನ್ನಿಸಿತು ಅವಳಿಗೆ. ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಮೊದಲ ಸಲ ಅಷ್ಟು ನಿಚ್ಚಳವಾಗಿ ಅನ್ನಿಸಿತು. ಕೈ ಎತ್ತದೆ ತಿರುಗಿ ನಡೆದಳು.

ನವ್ಯಶ್ರೀ ನೀರಿನ ತೊಟ್ಟಿಯ ಹತ್ತಿರ ಕೈ ತೊಳೆಯುತ್ತಿದ್ದಳು. ತಾಯಿ ಎರಡೇ ಮಾತಿನಲ್ಲಿ ವಿಷಯ ಹೇಳಿದಳು. ಹುಡುಗಿಯ ಮುಖ ಬಿಳಿಚಿತು, ಕೈ ಮುಡಿಯಲ್ಲಿದ್ದ ಹೂವಿಗೆ ಹೋಯಿತು.

"ಅಮ್ಮಾ, ನಾನ್ ಹೇಳಿದ್ದು ತೋಟದ ಬಗ್ಗೆ!"

"ಗೊತ್ತು. ಆದ್ರೂ ಕೇಳ್ತೀನಿ. ನಿನ್ ಮನಸ್ಸಲ್ಲಿ ಏನಾದ್ರೂ ಇದ್ರೆ ಈಗ್ಲೇ ಹೇಳು. ಹುಡುಗ ಇಷ್ಟ ಆಗಿದ್ರೆ ನಾನು ಬಾಯಿ ಮುಚ್ಕೊಂಡು ಕೂತು ಉಣ್ತೀನಿ."

"ನಂಗೆ ತೋಟ ಬೇಕು ಅಮ್ಮ, ತೋಟದ ಯಜಮಾನ ಬೇಡ. ನನ್ ಓದು ಮುಗೀಲಿ. ಹೆಂಗಾದ್ರೂ ಮಾಡಿ ಇಲ್ಲಿಂದ ಕರ್ಕೊಂಡ್ ಹೋಗು."

ಜಗಲಿಯ ಮೇಲೆ ಆಗಲೇ ಬಾಳೆಲೆ ಹಾಸುತ್ತಿದ್ದರು. ಮುನಿರತ್ನಮ್ಮ ವೆಂಕಟರಾಯಪ್ಪನ ಜೊತೆ ಒಳಗೆ ಕೂತು ಮಾತು ಮುಗಿಸಿ ಬಂದಿದ್ದಳು, ಮುಖ ಹೊಳೆಯುತ್ತಿತ್ತು. ಹಸಿದು ಕಂಗೆಟ್ಟ ಅಮ್ಮಯಮ್ಮನನ್ನು ಮೊದಲ ಎಲೆಯ ಮುಂದೆ ಕೂರಿಸಿದ್ದರು. ಹಿರಿಯಳು ಸಿಹಿ ಮುಟ್ಟಿದರೆ ಮುಗಿಯಿತು, ಉಳಿದವರು ಉಂಡರೂ ಒಂದೇ ಬಿಟ್ಟರೂ ಒಂದೇ. ಮುನಿರತ್ನಮ್ಮ ತಾಯಿಯನ್ನು ಒಂದೂವರೆಯವರೆಗೆ ಹಸಿವಿನಲ್ಲಿ ಇಟ್ಟದ್ದರ ಲೆಕ್ಕಾಚಾರವೂ ಅದೇ ಇರಬೇಕು ಎಂದು ವಾಣಿಶ್ರೀಗೆ ಹೊಳೆದು ಮೈ ಉರಿಯಿತು.

"ಅಕ್ಕ, ಹೊರಡೋಣ," ಎಂದಳು, ದನಿ ಆದಷ್ಟು ತಗ್ಗಿಸಿ.

"ಬಂದು ಕೂತ್ಕೊ. ನಿನ್ ಮಗಳೇ ಹೇಳಿದ್ದು ಕೇಳಿಸ್ಲಿಲ್ವಾ? ಇಲ್ಲೇ ಇದ್ದುಬಿಡ್ಬೇಕು ಅಂದ್ಲು. ಎಲ್ಲಾರೂ ಕೇಳಿದಾರೆ."

"ಅವಳು ಮರ ನೋಡಿ ಅಂದಿದ್ದು."

"ಮರ ಯಾರ್ದು? ಮರದ ಜೊತೆ ಮನೇನೂ ಬರುತ್ತೆ. ನಾನೇನು ಅವಳನ್ನ ಬಾವಿಗೆ ತಳ್ತಿದೀನಾ? ನಿನ್ನ ತಂದು ಹಾಕಿದ್ದು ಯಾರು, ನಾನೇ ತಾನೆ? ಏನು ಕಮ್ಮಿಯಾಗಿದೆ ನಿಂಗೆ?"

ಏನು ಕಮ್ಮಿಯಾಗಿದೆ! ವಾಣಿಶ್ರೀಯ ಬಾಯಿಯವರೆಗೆ ಬಂದ ಮಾತು ಒಂದೆರಡಲ್ಲ. ಆದರೆ ಮಾತಿನಲ್ಲಿ ಈ ಹೆಂಗಸನ್ನು ಗೆದ್ದವರಿಲ್ಲ. ಕೂಗಾಡಿದರೆ, ಹುಡುಗಿಯ ತಾಯಿ ಗಂಡಿನ ಮನೆಯಲ್ಲಿ ರಂಪ ಮಾಡಿದಳು ಎಂದು ನಾಳೆ ಊರೆಲ್ಲ ಸುದ್ದಿ. ಸುಮ್ಮನಿದ್ದರೆ ಎಲೆ. ಏನು ಮಾಡಬಾರದು ಎಂದು ಮುನಿರತ್ನಮ್ಮ ತಾನೇ ಅರ್ಧ ಗಂಟೆಯ ಹಿಂದೆ ಹೇಳಿಕೊಟ್ಟಿದ್ದಳಲ್ಲ.

ವಾಣಿಶ್ರೀ ಗಂಡನ ಮುಂದೆ ಕೈ ಚಾಚಿದಳು. "ಕಾರಿನ ಕೀ ಕೊಡಿ."

ಅವನು ಅವಳ ಮುಖ ನೋಡಿದ. ಜೇಬಿನಿಂದ ಕೀ ತೆಗೆದು ಕೊಟ್ಟ.

ಅವಳು ಡಬ್ಬಿ ತಂದಳು. ಜಗಲಿಗೆ ಎದುರಾಗಿ, ಹತ್ತೇ ಮಾರು ದೂರದ ಚಕ್ಕೋತದ ಮರದ ಕೆಳಗೆ, ಎಲ್ಲರ ಕಣ್ಣಿಗೂ ಬೀಳುವಂತೆ ನೆಲದ ಮೇಲೆ ಕೂತಳು. ಡಬ್ಬಿಯ ಮುಚ್ಚಳ ತೆಗೆದಳು. ಪುಳಿಯೋಗರೆಯ ಒಂದು ತುತ್ತು ಕೈಗೆ ತೆಗೆದುಕೊಂಡು ಬಾಯಿಗಿಟ್ಟಳು. ನವ್ಯಶ್ರೀ ಓಡಿಬಂದು ಪಕ್ಕದಲ್ಲಿ ಕೂತು ತಾನೂ ಕೈ ಹಾಕಿದಳು.

ನರಸಮ್ಮ ಒಬ್ಬಟ್ಟಿನ ತಟ್ಟೆ ಹಿಡಿದು ಹೊಸ್ತಿಲಲ್ಲೇ ನಿಂತಳು. ರವಿಚಂದ್ರ ಕುತ್ತಿಗೆಯವರೆಗೂ ಕೆಂಪಾಗಿ ಒಳಗೆ ಹೋದ.

"ಏನ್ ಮಾಡ್ತಿದೀಯೇ!" ಮುನಿರತ್ನಮ್ಮನ ದನಿ ಸೀಳಿತು.

"ಊಟ," ಎಂದಳು ವಾಣಿಶ್ರೀ.

"ಏನಮ್ಮಾ ಇದು!" ವೆಂಕಟರಾಯಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಜಗಲಿಯಿಂದ ಇಳಿದ. "ನನ್ ಅಂಗಳದಲ್ಲಿ ಕೂತು ಬುತ್ತಿ ಬಿಚ್ತೀರಾ? ಇಕ್ಕೋಕೆ ಗತಿ ಇಲ್ದೋರು ಅಂದ್ಕೊಂಡ್ರಾ ನಮ್ಮನ್ನ? ಮುನಿರತ್ನಮ್ಮ, ಒಪ್ಪಿದಾರೆ ಅಂದ್ರಲ್ಲ ನೀವು! ಹೆಣ್ಣಿನ ತಾಯೀನೂ ಒಪ್ಪಿದಾಳೆ ಅಂತ ನನ್ ಕೈಮೇಲೆ ಕೈಯಿಟ್ಟು ಹೇಳಿದ್ರಲ್ಲ!"

"ಒಪ್ತಾಳೆ ಕಣಣ್ಣ, ತಲೆ ಕೆಟ್ಟಿದೆ ಅವಳಿಗೆ. ಲೋ ಕೆಂಪ, ಎಬ್ಬಿಸೋ ನಿನ್ ಹೆಂಡ್ತೀನ! ಗಂಡ್ಸಲ್ವಾ ನೀನು?"

ಕೆಂಪರಾಜು ಅಂಗಳದ ನಡುವೆ ನಿಂತಿದ್ದ. ಅತ್ತ ಅಕ್ಕ, ಇತ್ತ ಹೆಂಡತಿ. ಒಂದು ಹೆಜ್ಜೆ ಇಟ್ಟವನು ಹಾಗೇ ನಿಂತ.

ವಾಣಿಶ್ರೀ ನರಸಮ್ಮನ ಕಡೆ ತಿರುಗಿದಳು. ಆ ಹೆಂಗಸಿನ ಕಣ್ಣಲ್ಲಿ ನೀರು ಬಂದಿತ್ತು. ಬೆಳಗಿನಿಂದ ಹೆಂಚಿನ ಮುಂದೆ ಬೆಂದವಳು ಅವಳು. ಅವಳ ಮೇಲೆ ವಾಣಿಶ್ರೀಗೆ ಸಿಟ್ಟಿರಲಿಲ್ಲ, ಸಂಕಟವಾಯಿತು. ಆದರೂ ಎದ್ದು ನಿಲ್ಲಲಿಲ್ಲ.

"ನಿಮ್ ಒಬ್ಬಟ್ಟಿನ ಮೇಲೆ ನಂಗೆ ಕೋಪ ಇಲ್ಲ ತಾಯಿ. ತೋಟ ನೋಡೋಕೆ ಅಂತ ಕರ್ಕೊಂಡು ಬಂದ್ರು, ನೋಡಿದ್ವಿ. ನನ್ ಮಗಳಿಗೆ ಇನ್ನೂ ಓದಿದೆ. ನಮ್ ಊಟ ನಾವು ಕಟ್ಕೊಂಡ್ ಬಂದಿದೀವಿ."

"ಅಮ್ಮಾ, ನೀನ್ ತಿನ್ನು!" ಮುನಿರತ್ನಮ್ಮ ಧಾವಿಸಿ ಜಗಲಿ ಹತ್ತಿದಳು. ನರಸಮ್ಮನ ಕೈಯಿಂದ ತಟ್ಟೆ ಕಿತ್ತುಕೊಂಡು ತಾಯಿಯ ಎಲೆಗೆ ತಾನೇ ಒಬ್ಬಟ್ಟು ಹಾಕಿ, ಮೇಲೆ ತುಪ್ಪ ಸುರಿದಳು. "ಮನೆಗೆ ಹಿರಿಯಳು ನೀನು. ನೀನು ಉಂಡ್ರೆ ಆಯ್ತು. ಸೊಸೆ ಏನಾದ್ರೂ ಮಾಡ್ಕೊಳ್ಲಿ. ತಿನ್ನಮ್ಮ, ಹಸಿದಿದೀಯ."

ಅಮ್ಮಯಮ್ಮ ಒಬ್ಬಟ್ಟು ನೋಡಿದಳು. ಬಲಗೈ ಎಲೆಯ ಮೇಲೆ ಬಂತು. ವಾಣಿಶ್ರೀ ತುತ್ತು ಅಗಿಯುವುದನ್ನು ನಿಲ್ಲಿಸಿದಳು. ಅತ್ತೆ ತನ್ನ ಪರ ನಿಂತ ಒಂದು ದಿನವನ್ನು ನೆನಪು ಮಾಡಿಕೊಳ್ಳಲು ನೋಡಿದಳು, ಸಿಗಲಿಲ್ಲ. ಮಗಳ ಓದು ಆ ಐದು ಬೆರಳ ತುದಿಯಲ್ಲಿ ನೇತಾಡುತ್ತಿತ್ತು.

"ಮುನ್ಯಾ," ಎಂದಳು ಅಮ್ಮಯಮ್ಮ, "ಇದು ಮನೆ ನೋಡೋ ಶಾಸ್ತ್ರವಾ?"

ಮುನಿರತ್ನಮ್ಮ ತಡವರಿಸಿದಳು. "ಹಂಗೇ ಅಂದ್ಕೊಮ್ಮ."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಹೇಳಿದ್ರೆ ಬಾಯಲ್ಲಿ ನಿಲ್ಲುತ್ತಾ?"

"ನಿಲ್ಲಲ್ಲ," ಎಂದು ಮುದುಕಿ ಒಪ್ಪಿಕೊಂಡಳು. "ಅದಕ್ಕೇ ನನ್ನ ಕಟ್ಟಿದ ಎಮ್ಮೆ ಹಂಗೆ ಇಲ್ಲಿ ಕೂರ್ಸಿ, ಹಸಿವಿನಲ್ಲಿ ಇಟ್ಟು, ಹೊತ್ತು ನೋಡಿ ಹುಲ್ಲು ಹಾಕಿದ್ಯಾ? ಹೆತ್ತೋಳು ಕಣೇ ನಾನು."

ಆಕೆ ಎಲೆಯ ಮೇಲಿನಿಂದ ಕೈ ತೆಗೆದಳು. ಮುಟ್ಟದ ಒಬ್ಬಟ್ಟನ್ನು ಒಳಗೇ ಬಿಟ್ಟು ಬಾಳೆಲೆಯನ್ನು ಮಡಿಸಿದಳು. ತುಪ್ಪ ಮಡಿಕೆಯಿಂದ ಜಗಲಿಯ ನೆಲಕ್ಕೆ ಇಳಿಯಿತು. "ಲೋ ಕೆಂಪ, ಮಂಡಿ ಹಿಡ್ಕೊಂಡಿದೆ, ಎಬ್ಬಿಸೋ."

ಕೆಂಪರಾಜು ಓಡಿಹೋಗಿ ತಾಯಿಯನ್ನು ಎತ್ತಿ ನಿಲ್ಲಿಸಿದ. ಅವಳ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿ, ರಂಗೋಲಿ ದಾಟಿಸಿ, ಚಕ್ಕೋತದ ಮರದವರೆಗೆ ತಂದು ಕೂರಿಸಿದ. ತಾನು ಕೂರಲಿಲ್ಲ. ಅಕ್ಕನ ಕಡೆ ಬೆನ್ನು ಮಾಡಿ ನಿಂತ. ಅವನಿಂದ ಅಷ್ಟಾಗಿದ್ದೇ ಹೆಚ್ಚು.

ಜಗಲಿಯ ಮೇಲೆ ಮುನಿರತ್ನಮ್ಮ ಒಂದು ಎಲೆಯ ಮುಂದೆ ದೊಪ್ಪನೆ ಕೂತಳು. "ನಾನು ಉಣ್ತೀನಿ ಬಡಿಸ್ರಿ. ನಾನು ಮರ್ಯಾದೆ ಬಿಟ್ಟೋಳಲ್ಲ. ಇವರ ಜೊತೆ ಕಾರಲ್ಲಿ ಬರೋಲ್ಲ ನಾನು, ಬಸ್ಸಲ್ಲಿ ಹೋಗ್ತೀನಿ." ಯಾರೂ ಬಡಿಸಲಿಲ್ಲ. ವೆಂಕಟರಾಯಪ್ಪ ಅವಳ ಮುಖವನ್ನೂ ನೋಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಕೊನೆಗೆ ಅವಳೇ ತಟ್ಟೆಯಿಂದ ಒಂದು ಒಬ್ಬಟ್ಟು ತೆಗೆದು ಹಾಕಿಕೊಂಡು ಮುರಿದಳು.

ಮರದ ಕೆಳಗೆ ಅಮ್ಮಯಮ್ಮ ಅಂಗೈ ಒಡ್ಡಿದಳು. ವಾಣಿಶ್ರೀ ತುತ್ತು ಇಟ್ಟಳು. ಮುದುಕಿ ಐದು ಹಲ್ಲಿನಲ್ಲಿ ನಿಧಾನವಾಗಿ ಅಗಿದು ನುಂಗಿ, ಮುಖ ಕಿವಿಚಿದಳು.

"ಹುಳಿ ಜಾಸ್ತಿ."

"ಹೂಂ ಅತ್ತೆ."

"ಇನ್ನೊಂದು ಹಾಕು."

ವಾಣಿಶ್ರೀಯ ಕಣ್ಣು ತುಂಬಿ ಬಂತು. ಇಷ್ಟು ವರ್ಷದಲ್ಲಿ ಅತ್ತೆಯ ಮೇಲೆ ಮೊದಲ ಸಲ ಪ್ರೀತಿಯಂಥದ್ದೇನೋ ಎದೆಯಲ್ಲಿ ಎದ್ದಿತು. ಎರಡನೆಯ ತುತ್ತು ಇಟ್ಟಳು, ಮೂರನೆಯದು ಇಟ್ಟಳು. ಹಸಿದ ಮೂವರೂ ಡಬ್ಬಿಯ ತಳ ಕಾಣುವವರೆಗೆ ಉಂಡರು. ನವ್ಯಶ್ರೀ ಮುಡಿಯ ಮಲ್ಲಿಗೆ ತೆಗೆದು, ಎಸೆಯಲು ಮನಸ್ಸಾಗದೆ, ಮರದ ಗೂಟಿ ಕಟ್ಟಿದ ಕೊಂಬೆಯೊಂದಕ್ಕೆ ಸಿಕ್ಕಿಸಿ ಬಂದಳು. ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡು, ಮಗನಿಗೆ ಕೇಳದ ಹಾಗೆ ಸೊಸೆಯ ಕಡೆ ಬಾಗಿದಳು.

"ಅವತ್ತು ನಿಂಗೆ ಒಬ್ಬಟ್ಟು ಬಡಿಸಿದ್ದು ನಾನೇ ಕಣಮ್ಮಿ. ನೀನು ತಿನ್ನೋ ರೀತಿ ನೋಡಿದೆ. ಒಪ್ಪಿ ತಿನ್ನೋರು ಹಂಗೆ ತಿನ್ನಲ್ಲ, ಹಸಿದೋರು ತಿನ್ನೋದು ಹಂಗೆ. ನಂಗೆ ಅವತ್ತೇ ಗೊತ್ತಾಯ್ತು."

ವಾಣಿಶ್ರೀಯ ಕೈ ಡಬ್ಬಿಯಲ್ಲೇ ನಿಂತಿತು. "ಗೊತ್ತಿತ್ತಾ?"

"ಹೂಂ. ಮನೇಲಿ ಕೆಲ್ಸಕ್ಕೆ ಒಂದು ಹೆಣ್ಣು ಬೇಕಿತ್ತು. ಸುಮ್ನಾಗ್ಬಿಟ್ಟೆ." ಇಷ್ಟು ಹೇಳಿ ಅಮ್ಮಯಮ್ಮ ಮತ್ತೆ ಅಂಗೈ ಒಡ್ಡಿದಳು. "ಹಾಕು. ಇನ್ನೊಂದು ತುತ್ತು ಇರ್ಬೇಕು ನೋಡು."

ವಾಣಿಶ್ರೀ ಡಬ್ಬಿಯ ತಳ ಬಳಿದಳು. ಹೌದು, ಇನ್ನೊಂದೇ ತುತ್ತು ಉಳಿದಿತ್ತು. ಎದುರಿಗೆ ಚಾಚಿದ್ದ ಆ ಸುಕ್ಕು ಅಂಗೈಯನ್ನು ಚೆನ್ನಾಗಿ ನೋಡಿ, ತುತ್ತನ್ನು ತನ್ನ ಬಾಯಿಗೆ ಇಟ್ಟುಕೊಂಡಳು.